ಬೂಷ್ಟಿನ ಪರವಾಗಿ ಶಿವಪುತ್ರ

ಶಿವಪುತ್ರನಿಗೆ ಯಾರ ಜೊತೆಗೂ ವಾದ ಮಾಡಿ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ಕೇಳಿದವನಿಗೆ ಪೂರಿ ತಂದಿಟ್ಟರೆ ಪೂರಿ ತಿಂದು ಬರುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಕಾಲನ್ನು ತಾನೇ ತಪ್ಪು ಜಾಗದಲ್ಲಿ ಇಟ್ಟಿದ್ದೆ ಅನ್ನುವ ಹಾಗೆ ಒಳಕ್ಕೆ ಎಳೆದುಕೊಳ್ಳುತ್ತಿದ್ದ. ಒಮ್ಮೆ ಹೆಬ್ಬಾಳದ ಸಲೂನಿನಲ್ಲಿ ಬೇರೆ ಯಾರೋ ಅಂದುಕೊಂಡು ಅವನ ಮೀಸೆ ಬೋಳಿಸಿಬಿಟ್ಟರು. ಕನ್ನಡಿ ನೋಡಿಕೊಂಡು "ಚಲೋ ಆತ್ರಿ" ಅಂದು ಎದ್ದು ಬಂದ. ಇಂಥ ಮನುಷ್ಯ ಬೂಷ್ಟಿನ ವಕೀಲ ಅಂತ ಹೆಸರು ಮಾಡಿದ್ದು ಹೇಗೆ ಎಂಬುದನ್ನು ಅವನ ಬಾಯಿಂದಲೂ ಕೇಳಿದ್ದೇನೆ, ಅವನ ಹೆಂಡತಿ ದಾನವ್ವನ ಬಾಯಿಂದಲೂ ಕೇಳಿದ್ದೇನೆ. ಅವನು ಹೇಳುವುದು ಬಹಳ ಚಿಕ್ಕದು. ಅವಳು ಹೇಳಿದ್ದನ್ನೇ ನಾನು ಹೆಚ್ಚು ನಂಬುತ್ತೇನೆ.

ಬಾಗಲಕೋಟೆ ಕಡೆಯವರು ಇಬ್ಬರೂ. ದಾನವ್ವ ಯಲಹಂಕದ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಶಿವಪುತ್ರ ಕೃಷಿ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದವನು. ಕೊಡಿಗೇಹಳ್ಳಿಯ ಒಂದು ಸಣ್ಣ ಬೀಜ ಪರೀಕ್ಷಾ ಲ್ಯಾಬಿನಲ್ಲಿ ಕೆಲಸ. ಲ್ಯಾಬು ಅಂದರೆ ಮಹಾ ಏನಲ್ಲ. ಎರಡು ಹೊಸ ಕಟ್ಟಡಗಳ ಮಧ್ಯೆ ಉಳಿದುಕೊಂಡ ಹಳೇ ಮನೆಯೊಂದರ ಮುಂಭಾಗ. ಹಿಂಭಾಗದಲ್ಲಿ ಮನೆಯ ಒಡತಿ ದೊಡ್ಡಮುನಿಯಮ್ಮ ಇರುತ್ತಾರೆ. ಹಾಲಿನಲ್ಲಿ ಮೈಕ್ರೋಸ್ಕೋಪು, ರೂಮಿನಲ್ಲಿ ಮೊಳಕೆ ಬರಿಸುವ ಬೀರುಗಳು. ಬೀಜದ ಕಂಪನಿಗಳು ಮಾದರಿ ಕಳಿಸುತ್ತವೆ. ಇವರು ಅದನ್ನು ಒದ್ದೆ ಕಾಗದದ ಮೇಲಿಟ್ಟು, ಎಷ್ಟು ಹುಟ್ಟಿತು, ಹುಟ್ಟಿದ್ದರಲ್ಲಿ ಎಷ್ಟು ನೆಟ್ಟಗಿದೆ, ಎಷ್ಟು ಸತ್ತಿದೆ ಎಂದು ನೋಡಿ ವರದಿ ಕೊಡುತ್ತಾರೆ. ಲ್ಯಾಬಿನ ಮುಖ್ಯಸ್ಥೆ ಸ್ಮಿತಾ, ಬೀಜದ ರೋಗಗಳ ಬಗ್ಗೆಯೇ ಡಾಕ್ಟರೇಟ್ ಮಾಡಿದವರು. ಶಿವಪುತ್ರ ಅವರ ಕೈಕೆಳಗೆ.

ಆ ವರ್ಷ ಮಳೆ ಕಟಾವಿನ ಹೊತ್ತಿಗೆ ಸರಿಯಾಗಿ ಬಂತು. ಒಂದು ಕಂಪನಿಯಿಂದ ಮುಸುಕಿನ ಜೋಳದ ಬೀಜದ ಮಾದರಿ ಬಂದಾಗ, ಚೀಲ ಬಿಚ್ಚುತ್ತಲೇ ಶಿವಪುತ್ರನಿಗೆ ಅನುಮಾನ ಬಂತು. ನೋಡಲು ಕಾಳು ಚಿನ್ನದಂತಿತ್ತು. ವಾಸನೆ ಮಾತ್ರ ತಿಂಗಳುಗಟ್ಟಲೆ ಬೀಗ ಹಾಕಿದ ಕೋಣೆಯದು. ಒದ್ದೆ ಕಾಗದದ ಮೇಲೆ ಜೋಡಿಸಿ ಕೆಲವು ದಿನ ಬಿಟ್ಟು ತೆರೆದರೆ, ತಟ್ಟೆಗಳಲ್ಲಿ ಜೋಳವೇ ಕಾಣಿಸಲಿಲ್ಲ. ಕೆಲವು ಕಾಳು ಬಿಳಿ-ಗುಲಾಬಿ ಹತ್ತಿ ಹೊದ್ದುಕೊಂಡು ಮಲಗಿದ್ದವು. ಕೆಲವಕ್ಕೆ ಹಸಿರು ಪುಡಿ, ಕೆಲವಕ್ಕೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಚುಕ್ಕಿ. ಮೊಳಕೆ ಬಂದವು ಅಲ್ಲಿ ಇಲ್ಲಿ. ಬಂದದ್ದರ ಬೇರಿನ ತುದಿ ಕಂದು ಬಣ್ಣಕ್ಕೆ ತಿರುಗಿತ್ತು.

ಸ್ಮಿತಾ ನೋಡಿ, "ಫೇಲ್" ಅಂದರು. ವರದಿ ಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಏಕೆಂದರೆ ಕಂಪನಿಯಿಂದ ನಿರಂಜನ್ ಎಂಬುವರು ಬಂದರು. ಇಸ್ತ್ರಿ ಮಾಡಿದ ಶರ್ಟು, ಬಹಳ ನಯವಾದ ಮಾತು. ಕೂಗಾಡಲಿಲ್ಲ, ಬೆದರಿಸಲಿಲ್ಲ. ಕುರ್ಚಿಯಲ್ಲಿ ಕೂತು ಕೇಳಿದರು:

"ಮೇಡಂ, ಬೀಜ ಯಾಕೆ ಹುಟ್ಟಲಿಲ್ಲ?"

"ಫಂಗಸ್, ಸರ್. ಒಳಗಡೆನೇ ಇದೆ."

"ಅಂದ್ರೆ ತಪ್ಪು ಫಂಗಸ್‌ದು."

"ಹಾಗೂ ಹೇಳ್ಬಹುದು."

"ಮತ್ತೆ ಫೇಲ್ ಮಾಡಿರೋದು ಬೀಜಾನಾ?" ನಿರಂಜನ್ ಅವರ ದನಿಯಲ್ಲಿ ನಿಜವಾದ ನೋವಿತ್ತು. "ಒಬ್ಬನ ಮನೆಗೆ ಕಳ್ಳ ನುಗ್ಗಿದ್ರೆ ಮನೆಯವನ್ನ ಜೈಲಿಗೆ ಹಾಕ್ತೀರಾ ಮೇಡಂ? ನಮ್ಮ ಬೀಜ ನಿರಪರಾಧಿ. ಫಂಗಸ್ ಹೆಸರಲ್ಲಿ ಫೇಲ್ ಅಂತ ಬರೀರಿ, ಬೀಜದ ಹೆಸರಲ್ಲಿ ಪಾಸ್ ಅಂತ ಬರೀರಿ. ಎರಡು ವರದಿ ಕೊಡಿ."

ಸ್ಮಿತಾ ಬೆಳಗ್ಗೆಯಿಂದ ತಿಂಡಿ ತಿಂದಿರಲಿಲ್ಲ. ವ್ಯಂಗ್ಯಕ್ಕೆ ಅಂದರು: "ಹಂಗಾದ್ರೆ ಫಂಗಸ್ ಕಡೆಯ ಮಾತನ್ನೂ ಕೇಳ್ಬೇಕಾಗುತ್ತಲ್ಲ ಸರ್. ಒಂದೇ ಕಡೆ ಕೇಳಿ ತೀರ್ಪು ಕೊಡೋಕಾಗಲ್ಲ."

ನಿರಂಜನ್ ಅದನ್ನು ವ್ಯಂಗ್ಯ ಅಂದುಕೊಳ್ಳಲೇ ಇಲ್ಲ. ಯೋಚಿಸಿ, ತಲೆಯಾಡಿಸಿ, "ನ್ಯಾಯ" ಅಂದರು. "ಕೇಳೋಣ. ಅದರ ಕಡೆಯಿಂದ ಯಾರು ಮಾತಾಡ್ತಾರೆ?"

ಆ ಕ್ಷಣಕ್ಕೆ ಶಿವಪುತ್ರ ಬೂಷ್ಟು ಹಿಡಿದ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಅವನ ಕಡೆ ನೋಡಿದರು. ಬೇರೆಯವರಾಗಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಅವನು, "ಆತ್ರಿ" ಅಂದ.

ನ್ಯಾಯ ಹೇಳಲು ಒಬ್ಬರು ಬೇಕಲ್ಲ. ಸ್ಮಿತಾ ಲ್ಯಾಬಿನವರು, ಆಗುವುದಿಲ್ಲ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ದೊಡ್ಡಮುನಿಯಮ್ಮ ಬಂದು, "ಯಾರಪ್ಪಾ ಮೋಟ್ರು ಆಫ್ ಮಾಡ್ದೆ ಬಿಟ್ಟಿರಾದು? ಟ್ಯಾಂಕ್ ತುಂಬಿ ಬೀದಿಗೆಲ್ಲ ಅರೀತೈತೆ" ಅಂದರು. ಅವರು ಆ ಬೀದಿಯ ಗೋಡೆ ಜಗಳ, ಕೊಳಾಯಿ ಜಗಳ, ನಾಯಿ ಜಗಳ ಎಲ್ಲವನ್ನೂ ತೀರ್ಮಾನ ಮಾಡಿದ್ದವರು.

"ಅಮ್ಮಾ, ನಿಮಗೆ ಫಂಗಸ್ ಬಗ್ಗೆ ಏನಾದ್ರೂ ಗೊತ್ತಾ?" ನಿರಂಜನ್ ಕೇಳಿದರು.

"ಅಂಗಂದ್ರೆ?"

"ಪರ್ಫೆಕ್ಟ್. ಇವರು ಯಾರ ಕಡೆಗೂ ಸೇರಿದವರಲ್ಲ" ಅಂದರು ನಿರಂಜನ್.

ಪಂಚಾಯ್ತಿ ಮರುದಿನ ಮಧ್ಯಾಹ್ನಕ್ಕೆ ಎಂದು ನಿಗದಿಯಾಯಿತು.

ಮನೆಗೆ ಬಂದ ಶಿವಪುತ್ರ ಊಟ ಮಾಡುವಾಗಲೂ ಮಾತಾಡುತ್ತಲೇ ಇದ್ದ. ಬೂಷ್ಟಿಗೂ ಹೊಟ್ಟೆ ಐತಿ. ಅದಕ್ಕ ಕಾಲಿಲ್ಲ, ಎಲ್ಲೂ ಹೋಗೂ ಹಂಗಿಲ್ಲ, ಹೊಲದಾಗ ತೆನಿ ಹಸಿ ಇದ್ದಾಗನ ಒಳಗ ಹೊಕ್ಕಂಡೈತಿ. ಮಳಿಯಾಗ ಕೊಯ್ದು, ಸರಿಯಾಗಿ ಒಣಗಿಸದ ಚೀಲಕ್ಕ ತುಂಬಿದವರು ಯಾರು, ಬೂಷ್ಟೇನ? ದಾನವ್ವ ಚಟ್ನಿಪುಡಿಗೆ ಎಣ್ಣೆ ಹಾಕುತ್ತ ಕೇಳಿಸಿಕೊಂಡಳು. ಮದುವೆಯಾದಾಗಿನಿಂದ ಗಂಡ ಇಷ್ಟು ಉದ್ದ ಮಾತಾಡಿದ್ದನ್ನು ಅವಳು ನೋಡಿರಲಿಲ್ಲ.

"ಒಂದು ಮಾತು ಕೇಳ್ತೀನಿ" ಅಂದಳು. "ನಿಮ್ಮವ್ವ ನನ್ನ ರೊಟ್ಟಿ ದಪ್ಪ, ನನ್ನ ನಡಿಗಿ ಜೋರು, ನನ್ನ ನಗಿ ಜೋರು ಅಂತ ಎಲ್ಲಾರ ಮುಂದ ಅಂದ್ರು. ಆವಾಗ ಬಾಯಾಗ ಏನ್ ಇಟ್ಕೊಂಡಿದ್ರಿ?"

ಶಿವಪುತ್ರ ತಾಟಿನ ಕಡೆ ನೋಡಿ ಒಂದು ತುತ್ತು ಮುರಿದ.

"ಬೂಷ್ಟಿನ ಪರವಾಗಿ ಇಷ್ಟು ಮಾತು ಬರ್ತಾವ ಅಂದ್ರ, ನಿಮಗ ಮಾತು ಬರ್ತಿರ್ಲಿಲ್ಲ ಅಂತಲ್ಲ. ನಾನು ಬೂಷ್ಟು ಆಗಿರ್ಲಿಲ್ಲ, ಅಷ್ಟ."

ಅವಳು ಸಿಟ್ಟಿನಿಂದ ಹೇಳಲಿಲ್ಲವಂತೆ. ತಾಟು ಎತ್ತಿಟ್ಟು, ಅವನ ಬಿಳಿ ಅಂಗಿ ಹುಡುಕಿ, ನಾಳೆ ಇದನ್ನ ಹಾಕ್ಕೊಂಡು ಹೋಗ್ರಿ ಅಂದಳಂತೆ.

ಲ್ಯಾಬಿನ ಹಾಲಿನಲ್ಲಿ ಮೈಕ್ರೋಸ್ಕೋಪನ್ನು ಮೂಲೆಗೆ ಸರಿಸಿ ಕುರ್ಚಿ ಹಾಕಿದರು. ದೊಡ್ಡಮುನಿಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು, ಎಲೆ ಅಡಿಕೆ ಬಾಯಿಗೆ ಹಾಕಿ, "ಏನ್ ಏಳ್ತೀರೋ ಏಳ್ರಪ್ಪ" ಅಂದರು. ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಒಣ ಕಾಳು, ಇನ್ನೊಂದರಲ್ಲಿ ಬೂಷ್ಟು.

ನಿರಂಜನ್ ಎದ್ದು ನಿಂತು ಬೀಜದ ಗುಣಗಾನ ಮಾಡಿದರು. ಒಳ್ಳೇ ತಳಿ, ಒಳ್ಳೇ ಹೊಲ, ಒಳ್ಳೇ ರೈತರು, ಯಾರಿಗೂ ಕೇಡು ಬಯಸದ ಕಾಳು. ಇಂಥದ್ದರ ಮೈಮೇಲೆ ಎಲ್ಲಿಂದಲೋ ಬಂದ ಪರದೇಶಿ ಬೂಷ್ಟು ಕೂತುಬಿಟ್ಟಿದೆ.

ಶಿವಪುತ್ರ ಎದ್ದ. ದನಿ ನಡುಗುತ್ತಿತ್ತು.

"ಅವ್ವಾರ, ಮೈಮ್ಯಾಲ ಅಲ್ರಿ. ಒಳಗ. ತೆನಿಯಾಗ ಕಾಳು ಕಟ್ಟಿದಾಗಿಂದ ಅದು ಒಳಗ ಐತಿ. ಅಲ್ಲೇ ಇರೂ ಬಾಡಿಗಿದಾರ ಇದ್ದಂಗ್ರಿ."

ಇದು ಅವನು ಮಾಡಿದ ದೊಡ್ಡ ತಪ್ಪು. ದೊಡ್ಡಮುನಿಯಮ್ಮ ಮೂರು ಮನೆ ಬಾಡಿಗೆಗೆ ಕೊಟ್ಟವರು. ಕಾಲು ಕೆಳಗಿಳಿಸಿ ನೆಟ್ಟಗೆ ಕೂತರು.

"ಬಾಡಿಗೇನಾ? ಅಗ್ರಿಮೆಂಟ್ ಐತಾ?"

"ಇಲ್ರಿ."

"ಒಳಗೆ ಸೇರ್ಕಂಡು ಏನ್ ಮಾಡ್ತೈತೆ ಅದು?"

ಶಿವಪುತ್ರನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಂದು ಕಾಳನ್ನು ಉದ್ದಕ್ಕೆ ಸೀಳಿ ತೋರಿಸಿದ. "ಇದು ನೋಡ್ರಿ, ಹಿಟ್ಟು. ಮೊಳಕಿ ಹುಟ್ಟಿ ಬೇರು ಬಿಟ್ಟು, ಹಸರು ಎಲಿ ಬರೂತನಕ ಅದರ ಬುತ್ತಿ ಇದ. ಬೂಷ್ಟು ಮೊದಲ ಇದನ್ನ ತಿಂತೈತ್ರಿ. ಮತ್ತ ಇಲ್ಲಿ, ಈ ಸಣ್ಣ ಜಾಗದಾಗ ಮೊಳಕಿ ಮಲಗಿರ್ತೈತಿ. ಅದಕ್ಕೂ ಕೈ ಹಚ್ಚಿದ್ರ ಕಾಳು ಹುಟ್ಟೂದ ಇಲ್ಲ. ಕೈ ಹಚ್ಚದ ಬಿಟ್ರ ಹುಟ್ಟತೈತಿ, ಆದ್ರ ಬುತ್ತಿ ಖಾಲಿ. ಕಸುವು ಇರೂದಿಲ್ಲ."

"ಇವ್ನು ಅದರ ಕಡೆಯೋನೋ, ಅದಕ್ಕೆ ಬೆಂಕಿ ಇಡಾಕೆ ಬಂದೋನೋ?" ದೊಡ್ಡಮುನಿಯಮ್ಮ ಸ್ಮಿತಾರನ್ನು ಕೇಳಿದರು.

"ಅದರ ಕಡೆಯವರೇ ಅಮ್ಮ" ಅಂದರು ಸ್ಮಿತಾ. ಅವರು ಬಾಯಿಗೆ ಕರ್ಚೀಫು ಅಡ್ಡ ಹಿಡಿದಿದ್ದರು.

"ತಿನ್ನೂದು ಖರೇ ಐತ್ರಿ" ಅಂದ ಶಿವಪುತ್ರ. "ಆದ್ರ ಒಣಾ ಕಾಳಿನಾಗ ಅದು ಸುಮ್ಮನ ನಿದ್ದಿ ಮಾಡ್ತಿತ್ತು. ಹಸಿ ಇದ್ದಾಗ ಚೀಲಾ ಕಟ್ಟಿ, ಎಬ್ಬಿಸಿ, ಊಟಕ್ಕ ಬಾ ಅಂತ ಕರದವರು ಯಾರ್ರಿ?"

ನಿರಂಜನ್ ಚಾವಣಿ ನೋಡಿದರು. ದೊಡ್ಡಮುನಿಯಮ್ಮ ಬಹಳ ಹೊತ್ತು ಅಡಿಕೆ ಅಗಿದರು. ಕೊನೆಗೆ ತೀರ್ಪು ಕೊಟ್ಟರು: ಕರೆದವರದ್ದೂ ತಪ್ಪು, ಆದರೆ ಮನೆ ಬೀಜದ್ದು. ಬಾಡಿಗೆ ಕೊಡದೆ ಮನೇನೇ ತಿನ್ನೋನಿಗೆ ಯಾವ ಹಕ್ಕೂ ಇಲ್ಲ. ಬೂಷ್ಟು ಖಾಲಿ ಮಾಡಬೇಕು. ಖಾಲಿ ಮಾಡಿಸೋ ಜವಾಬ್ದಾರಿ ಲ್ಯಾಬಿನದು. ಆಮೇಲೆ ಬೀಜ ಹುಟ್ಟಿದರೆ ಪಾಸು.

ನಿರಂಜನ್ ಕೈಮುಗಿದರು. ಶಿವಪುತ್ರನಿಗೆ ಸೋತದ್ದಕ್ಕೆ ಬೇಜಾರಾಗಲಿಲ್ಲ. ಯಾರೋ ತನ್ನ ಮಾತನ್ನು ಕೊನೆಯವರೆಗೆ ಕೇಳಿದರು ಅನ್ನುವುದೇ ಅವನಿಗೆ ತಡೆಯಲಾಗದಷ್ಟು ದೊಡ್ಡದಾಗಿತ್ತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ಖಾಲಿ ಮಾಡಿಸುವ ಕೆಲಸ ಶುರುವಾಯಿತು. ಬೀಜಕ್ಕೆ ಹಚ್ಚುವ ಔಷಧಿ ಮೊದಲು ಹಚ್ಚಿದರು. ಮೇಲಿನ ಹಸಿರು, ಕಪ್ಪು ಪುಡಿಗಳು ಹೋದವು. ಒಳಗಿನ ಗುಲಾಬಿ ಬೂಷ್ಟು ಮಿಸುಕಲಿಲ್ಲ. ಇನ್ನೊಂದಷ್ಟು ಕಾಳನ್ನು ಬಿಸಿನೀರಿನಲ್ಲಿ ಅದ್ದಿದರು. ಆಗ ಬೂಷ್ಟೂ ಹೋಯಿತು, ಮೊಳಕೆಯೂ ಹೋಯಿತು. ದಿನವೂ ಸಂಜೆ ದೊಡ್ಡಮುನಿಯಮ್ಮ ಬಂದು, "ಖಾಲಿ ಮಾಡ್ತಾ?" ಎಂದು ವಿಚಾರಿಸಿ ಹೋಗುತ್ತಿದ್ದರು. ಇಷ್ಟು ಹಠಮಾರಿ ಬಾಡಿಗೆದಾರನನ್ನು ತಮ್ಮ ಆಯುಷ್ಯದಲ್ಲಿ ಕಂಡಿಲ್ಲ ಅಂದರಂತೆ.

ಔಷಧಿ ಹಚ್ಚಿದ ಕಾಳುಗಳನ್ನು ಒದ್ದೆ ಕಾಗದದಲ್ಲಿ ಸುರುಳಿ ಸುತ್ತಿಟ್ಟಾಗ ಮೊದಲಿಗಿಂತ ಹೆಚ್ಚು ಮೊಳಕೆ ಬಂದವು. ನಿರಂಜನ್ ಓಡಿ ಬಂದು ಸುರುಳಿ ಬಿಚ್ಚಿ ನೋಡಿ, "ಹುಟ್ಟಿದೆ ಮೇಡಂ! ನೋಡಿ, ನೋಡಿ!" ಎಂದು ಫೋಟೋ ತೆಗೆದುಕೊಂಡರು.

"ಹುಟ್ಟಿದ್ರೆ ಸಾಕಾಗಲ್ಲ ಸರ್" ಅಂದರು ಸ್ಮಿತಾ. "ಇಲ್ಲಿ ಬೆಚ್ಚಗೆ ಕಾಗದದ ಮಧ್ಯೆ ಮಲಗಿದೆ. ಹೊಲದಲ್ಲಿ ತಣ್ಣಗಿನ ಮಣ್ಣನ್ನ ತಲೆಯಿಂದ ನೂಕಿ ಮೇಲೆ ಬರ್ಬೇಕು. ಅದಕ್ಕೆ ಕಸುವು ಬೇಕು. ಚಳಿ ಪರೀಕ್ಷೆ ಮಾಡ್ತೀವಿ."

ಚಳಿ ಪರೀಕ್ಷೆ ಅಂದರೆ ಬೀಜವನ್ನು ಮಣ್ಣಿನಲ್ಲಿ ಊರಿ ಒಂದು ವಾರ ತಣ್ಣಗೆ ಇಟ್ಟು, ಆಮೇಲೆ ಬೆಚ್ಚಗೆ ಮಾಡಿ, ಯಾವುದು ಮಣ್ಣು ಸೀಳಿಕೊಂಡು ಬರುತ್ತದೆ ನೋಡುವುದು. ಲ್ಯಾಬಿನ ತಂಪು ಬೀರು ಕೆಟ್ಟಿತ್ತು. ಒಳ್ಳೆಯ ಫ್ರಿಜ್ಜು ಈ ಕೆಲಸಕ್ಕೆ ಆಗದು, ತೀರ ತಣ್ಣಗೆ. ಆದರೆ ದೊಡ್ಡಮುನಿಯಮ್ಮನ ಹಳೇ ಫ್ರಿಜ್ಜು ಎಷ್ಟೋ ವರ್ಷದಿಂದ ಸರಿಯಾಗಿ ತಣ್ಣಗಾಗುತ್ತಿರಲಿಲ್ಲ. ಸ್ಮಿತಾ ಥರ್ಮಾಮೀಟರ್ ಇಟ್ಟು ನೋಡಿ ಬೆರಗಾದರು: ಪರೀಕ್ಷೆಗೆ ಬೇಕಾದಷ್ಟೇ ತಂಪು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೀಗೆ ಮಣ್ಣಿನ ಟ್ರೇಗಳು ಹುಳಿಪಾತ್ರೆ, ಮೊಸರು, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಹೋಗಿ ಕೂತವು. ಒಂದರಲ್ಲಿ ನಿರಂಜನ್ ಅವರ ಕಾಳು, ಇನ್ನೊಂದರಲ್ಲಿ ಹೋಲಿಕೆಗೆ ಬೇರೆ ಕಡೆಯ ಆರೋಗ್ಯವಂತ ಕಾಳು. ನಿರಂಜನ್ ದಿನಾ ಬಂದು ಫ್ರಿಜ್ಜಿನ ಮುಂದೆ ನಿಲ್ಲುತ್ತಿದ್ದರು. ಬಾಗಿಲು ತೆಗೆದರೆ ತಂಪು ಹೋಗುತ್ತದೆ ಎಂದು ಲ್ಯಾಬಿನವರು ತೆಗೆಯಲು ಬಿಡುತ್ತಿರಲಿಲ್ಲ. ಮುಚ್ಚಿದ ಫ್ರಿಜ್ಜಿಗೆ, "ಧೈರ್ಯವಾಗಿರಿ" ಅಂದು ಹೋಗುತ್ತಿದ್ದರು. ಒಮ್ಮೆ ದೊಡ್ಡಮುನಿಯಮ್ಮ ನಿರಂಜನ್ ಅವರಿಗೆ ಕಾಫಿ ಕೊಟ್ಟರು. ಫ್ರಿಜ್ಜಿನಲ್ಲಿ ಯಾರೋ ಸಂಬಂಧಿಕರಿರುವ ಹಾಗೆ ನಿಂತಿದ್ದ ಅವರನ್ನು ನೋಡಿ ಕರುಳು ಚುರ್ ಅಂತು ಅಂದರಂತೆ.

ವಾರ ಕಳೆದು ಟ್ರೇಗಳನ್ನು ಹೊರಗಿಟ್ಟರು. ಆರೋಗ್ಯದ ಕಾಳುಗಳು ಮಣ್ಣು ಸೀಳಿ, ಹಸಿರು ಸೂಜಿಗಳ ಹಾಗೆ ಒಟ್ಟಿಗೆ ಎದ್ದು ನಿಂತವು. ಪಕ್ಕದ ಟ್ರೇಯಲ್ಲಿ ಮಣ್ಣು ಮಣ್ಣಾಗಿಯೇ ಇತ್ತು. ಒಂದು ಕಡೆ ಸ್ವಲ್ಪ ಬಿರುಕು. ಬಿರುಕಿನಿಂದ ಒಂದೆರಡು ಮೊಳಕೆ ಹೊರಬಂದು, ಸುತ್ತಲೂ ನೋಡಿ, ಮಲಗಿಬಿಟ್ಟವು. ಉಳಿದವನ್ನು ಅಗೆದು ನೋಡಿದರೆ, ಮಣ್ಣಿನೊಳಗೇ ಗಂಟು ಹಾಕಿಕೊಂಡು, ಮೇಲೆ ಯಾವ ಕಡೆ ಎಂದು ಗೊತ್ತಾಗದೆ ನಿಂತಿದ್ದವು.

ಎರಡನೇ ಸಲ ಹಾಲಿನಲ್ಲಿ ಎಲ್ಲರೂ ಸೇರಿದರು. ಆ ದಿನ ಹಾಸ್ಟೆಲಿಗೆ ರಜೆ. ದಾನವ್ವನೂ ಬಂದು ಬಾಗಿಲ ಹತ್ತಿರ ಕೂತಳು. ದೊಡ್ಡಮುನಿಯಮ್ಮ ಎರಡೂ ಟ್ರೇ ನೋಡಿದರು.

"ಪಾಪ" ಅಂದರು. "ಬದುಕ್ಬೇಕಂತ ಬಂದವೆ. ಆಗ್ಲಿಲ್ಲ. ಪಾಸ್ ಮಾಡಾಕಾಗಲ್ಲ ಕಣಪ್ಪಾ."

ನಿರಂಜನ್ ತಲೆ ತಗ್ಗಿಸಿದರು. ಆಮೇಲೆ ಉಸಿರು ಬಿಟ್ಟು, "ಸರಿ ಬಿಡಿ. ಬಿತ್ತನೆಗೆ ಬೇಡ. ಕೋಳಿ ಫಾರಂಗೆ ಕೊಟ್ಟುಬಿಡ್ತೀವಿ. ಅಷ್ಟಾದ್ರೂ ಉಪಯೋಗಕ್ಕೆ ಬರ್ಲಿ" ಅಂದರು.

"ಬ್ಯಾಡ್ರಿ."

ಎಲ್ಲರೂ ತಿರುಗಿ ನೋಡಿದರು. ಶಿವಪುತ್ರ ಎದ್ದು ನಿಂತಿದ್ದ. ದನಿ ಈ ಸಲ ನಡುಗಲಿಲ್ಲ.

"ಕೋಳಿಗೂ ಬ್ಯಾಡ, ದನಕ್ಕೂ ಬ್ಯಾಡ. ಆ ಹಸರು ಬೂಷ್ಟು ಇತ್ತಲ್ರಿ, ಅದು ಬರೇ ತಿಂದು ಹೋಗೂ ಪೈಕಿ ಅಲ್ಲ. ವಿಷಾ ಬಿಟ್ಟು ಹೋಗ್ತೈತಿ. ತೊಳದ್ರ ಹೋಗೂದಿಲ್ಲ, ಬೇಯಿಸಿದ್ರೂ ಹೋಗೂದಿಲ್ಲ. ಕೋಳಿ ತಿಂದ್ರ ಕೋಳಿ ಯಕೃತ್ತಿಗೆ, ದನ ತಿಂದ್ರ ಹಾಲಿಗೆ."

"ಆ ವಿಷ ಇದೆಯೋ ಇಲ್ವೋ ನೀವು ಟೆಸ್ಟ್ ಮಾಡಿಲ್ವಲ್ಲ" ಅಂದರು ನಿರಂಜನ್.

"ಮಾಡಿಲ್ರಿ. ಮಾಡಿ, ಇಲ್ಲ ಅಂತ ಗೊತ್ತಾಗೂತನಕ ಯಾರಿಗೂ ಹಾಕೂದು ಬ್ಯಾಡ."

ದೊಡ್ಡಮುನಿಯಮ್ಮ ಹುಬ್ಬು ಗಂಟಿಕ್ಕಿದರು. "ಅಲ್ಲಪ್ಪಾ, ನೀನು ಬೂಷ್ಟಿನ ಕಡೆಯೋನು. ನೀನೇ ಇಂಗಂದ್ರೆ ಎಂಗೆ?"

"ಅದರ ಕಡಿಯವ ಇದ್ದದ್ದಕ್ಕ ಅದರ ಸ್ವಭಾವ ಗೊತ್ತಾಗೇತ್ರಿ ಅವ್ವಾ" ಅಂದ ಶಿವಪುತ್ರ. "ಅದರದ್ದು ತಪ್ಪು ಅಂತ ನಾನು ಈಗೂ ಅನ್ನೂದಿಲ್ಲ. ಅದು ಇರೂದ ಹಂಗ. ಆದ್ರ ಕೋಳಿ ಏನ್ ತಪ್ಪು ಮಾಡೇತಿ?"

ಸ್ಮಿತಾ ಎದ್ದು ಅವನ ಪಕ್ಕ ನಿಂತು, ಅವನು ಹೇಳಿದ್ದು ಸರಿ, ಪರೀಕ್ಷೆ ಮಾಡಿಸೋಣ, ಅಲ್ಲಿಯವರೆಗೆ ಗೋಡೌನಿಗೆ ಬೀಗ ಹಾಕಿಸಿ ಅಂದರು. ಬೇರೆ ಲ್ಯಾಬಿಗೆ ಕಳಿಸಿದರು. ವಿಷ ಇತ್ತು. ಕೋಳಿ ಮೇವಿನಲ್ಲಿ ಇರಬಹುದಾದ ಮಿತಿಗಿಂತ ಬಹಳ ಹೆಚ್ಚು. ನಿರಂಜನ್ ಮೇಲಿನವರ ಜೊತೆ ಜಗಳವಾಡಿ ಇಡೀ ರಾಶಿಯನ್ನು ನಾಶ ಮಾಡಿಸಿದರು. ಅದೇನೂ ಸುಲಭದ ಕೆಲಸವಾಗಿರಲಿಲ್ಲ ಎಂದು ಸ್ಮಿತಾ ಹೇಳುತ್ತಾರೆ. ನಯವಾಗಿ ಮಾತಾಡುವ ಮನುಷ್ಯ ಆವತ್ತು ಆಫೀಸಿನಲ್ಲಿ ಮೇಜು ಕುಟ್ಟಿ, "ಕೋಳಿ ಏನ್ ತಪ್ಪು ಮಾಡಿದೆ?" ಎಂದು ಕೇಳಿದರಂತೆ.

ಕೋಳಿಯ ಮಾತು ಬಂದ ದಿನ ಸಂಜೆ ಕೊಡಿಗೇಹಳ್ಳಿಯಿಂದ ವಿದ್ಯಾರಣ್ಯಪುರದ ತಮ್ಮ ಮನೆಗೆ ಗಂಡ ಹೆಂಡತಿ ಬಸ್ಸಿನಲ್ಲಿ ಹೋದರು. ದಾನವ್ವ ಕಿಟಕಿ ಪಕ್ಕ ಕೂತಳು. ಸುಮಾರು ದೂರ ಹೋದ ಮೇಲೆ, "ಕೋಳಿ ಪರವಾಗೂ ಮಾತಾಡಿದ್ರಿ" ಅಂದಳು. ಅವನು ಹೂಂ ಅಂದ. "ಸರತಿ ನನ್ನ ಕಡಿ ಬರಾಕ್ಹತ್ತೇತಿ" ಅಂದು, ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ಮನೆ ಮುಟ್ಟುವ ಮೊದಲೇ ಶಿವಪುತ್ರ ಊರಿಗೆ ಫೋನ್ ಹಚ್ಚಿ ತಾಯಿಗೆ, ದಾನವ್ವನ ರೊಟ್ಟಿ ದಪ್ಪ ಅಲ್ಲ ಅಂದ. ಅತ್ತಲಿಂದ ತಾಯಿ, "ಯಾರು ದಪ್ಪ ಅಂದ್ರು?" ಅಂತ ಕೇಳಿದಳು. ಅವಳಿಗೆ ನೆನಪೇ ಇರಲಿಲ್ಲ.

ಮರುವರ್ಷ ನಿರಂಜನ್ ಹೊಸ ಮಾದರಿ ತಂದರು. ಕಾಳು ಚೆನ್ನಾಗಿ ಒಣಗಿತ್ತು, ಅಂಗೈಯಲ್ಲಿ ಗಲಗಲ ಅನ್ನುತ್ತಿತ್ತು. "ಈ ಸಲ ನೀವು ನಮ್ಮ ಕಡೆ ಮಾತಾಡ್ಬೇಕು" ಎಂದು ಶಿವಪುತ್ರನನ್ನು ಕೇಳಿಕೊಂಡರು. ಈ ಕಾಳಿಗೆ ಯಾರೂ ಮಾತಾಡೂದು ಬೇಕಾಗಿಲ್ರಿ ಅಂದ ಅವನು. ನಿರಂಜನ್ ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಹಿಂದೆ ಹೋಗಿ ದೊಡ್ಡಮುನಿಯಮ್ಮನ ಹತ್ತಿರ ಕಾಫಿ ಕುಡಿದು ಹೋದರು.

ಇಷ್ಟು ಹೊತ್ತಿಗೆ ಸುದ್ದಿ ಹರಡಿತ್ತು. ಬೂಷ್ಟಿನ ವ್ಯವಹಾರ ಏನೇ ಇದ್ದರೂ ಕೊಡಿಗೇಹಳ್ಳಿಯಲ್ಲಿ ಒಬ್ಬರಿದ್ದಾರಂತೆ, ಅದರ ಪರವಾಗಿ ಬರುತ್ತಾರಂತೆ ಎಂದು ಜನ ಹುಡುಕಿಕೊಂಡು ಬರತೊಡಗಿದರು. ಉಪ್ಪಿನಕಾಯಿ ಜಾಡಿ, ಚರ್ಮದ ಬೆಲ್ಟು, ಮದುವೆ ಆಲ್ಬಮ್ಮು. ಒಂದು ಭಾನುವಾರ ಗಂಗಾನಗರದ ಅಪಾರ್ಟ್‌ಮೆಂಟಿನವರು ಕರೆಸಿಕೊಂಡರು. ಮೇಲಿನ ಮನೆಯ ಬಚ್ಚಲು ಸೋರಿ ಕೆಳಗಿನ ಮನೆಯ ಗೋಡೆಗೆ ಬೂಷ್ಟು ಬಂದಿದೆ ಎಂದು ಎರಡು ಮನೆಯವರು ಮಾತು ಬಿಟ್ಟು ವರ್ಷವಾಗಿತ್ತು. ಎರಡೂ ಕಡೆಯವರು ಸೋಫಾದ ಎರಡು ತುದಿಯಲ್ಲಿ ಕೂತಿದ್ದರು. ಶಿವಪುತ್ರ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಗೋಡೆಯನ್ನು ಹತ್ತಿರದಿಂದ ನೋಡಿದ, ಮೂಸಿದ, ಬೆರಳಿನಿಂದ ಉಜ್ಜಿದ.

"ಇದು ಬೂಷ್ಟಲ್ರಿ" ಅಂದ. "ಮಸಿ. ಇಲ್ಲಿ ಊದುಬತ್ತಿ ಹಚ್ತೀರೇನು?"

ಕೆಳಗಿನ ಮನೆಯಾಕೆ ಹೌದು ಅಂದರು. ಮೇಲಿನ ಮನೆಯವರು ಎದ್ದು ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ವರ್ಷದಿಂದ ಸಾಕಿಕೊಂಡು ಬಂದ ಜಗಳ ಹೀಗೆ ಕೈಯಲ್ಲೇ ಒರೆಸಿಹೋದಾಗ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಕೆಳಗಿನ ಮನೆಯಾಕೆ ಒಳಗೆ ಹೋಗಿ ಎಲ್ಲರಿಗೂ ಉಪ್ಪಿಟ್ಟು ತಂದರು. ಮೇಲಿನ ಮನೆಯವರು ಒಂದು ಚಮಚ ಬಾಯಿಗಿಟ್ಟು, ಉಪ್ಪು ಜಾಸ್ತಿಯಾಗಿದೆ ಅಂದರು.